ಪಾರ್ಥೇನಿಯಂ ಮೇಯುವ ಮೆಕ್ಸಿಕನ್ ದುಂಬಿ: ಎಲ್ಲಿಗೆ ತರಬಹುದು, ಎಲ್ಲಿಗೆ ಬೇಡ

ವೈಜ್ಞಾನಿಕ ಹೆಸರು ಝೈಗೋಗ್ರಾಮಾ ಬೈಕಲರೇಟಾ. ರೈತರ ಬಾಯಲ್ಲಿ ಮೆಕ್ಸಿಕನ್ ದುಂಬಿ. ಆಹಾರ ಪಾರ್ಥೇನಿಯಂ ಸೊಪ್ಪು, ಅಂದರೆ ನಮ್ಮ ಕಾಂಗ್ರೆಸ್ ಗಿಡ. ಕೆಲಸದ ಅವಧಿ ಮುಂಗಾರಿನ ಮೊದಲ ಒಳ್ಳೆಯ ಮಳೆಯಿಂದ ಸುಮಾರು ನವೆಂಬರ್‌ವರೆಗೆ. ಬೆಲೆಯ ಮಾತು ಬಂದರೆ, ಕರ್ನಾಟಕದ ಬಹುಪಾಲು ಕಡೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ನಮ್ಮ ಅಂಕ: ಮಳೆಯಾಶ್ರಿತ ಬೀಳು ಜಮೀನು, ಗೋಮಾಳ, ರಸ್ತೆ ಬದಿಗೆ ಐದಕ್ಕೆ ನಾಲ್ಕು. ವರ್ಷವಿಡೀ ನೀರು ಹರಿಯುವ ತೋಟದ ಬದುಗಳಿಗೆ ಎರಡು. ಮನೆ ಪಕ್ಕದ ಮೂವತ್ತು–ನಲವತ್ತರ ಖಾಲಿ ಸೈಟಿಗೆ ಒಂದು, ಅದೂ ಧಾರಾಳವಾಗಿ.

ಈ ದುಂಬಿಯ ಬಗ್ಗೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ: ಬಿಟ್ಟು ಎರಡು ತಿಂಗಳಾಯಿತು, ಗಿಡ ಇನ್ನೂ ನಿಂತೇ ಇದೆ. ನಿಂತೇ ಇರುತ್ತದೆ. ಬಲಿತ ಗಿಡದ ಕಾಂಡ ಇದರ ಬಾಯಿಗೆ ದಕ್ಕುವುದಿಲ್ಲ. ತಿನ್ನುವುದು ಎಲೆ, ಕುಡಿ, ಎಳೆ ಮೊಗ್ಗು. ಒಂದು ದೊಡ್ಡ ಪಾರ್ಥೇನಿಯಂ ಗಿಡ 15,000ದಿಂದ 25,000 ಬೀಜ ಉದುರಿಸುತ್ತದೆ. ಕುಡಿ ಕಳೆದುಕೊಂಡ ಗಿಡಕ್ಕೆ ಅಷ್ಟು ಹೂ ಕಟ್ಟುವ ತಾಕತ್ತು ಇರುವುದಿಲ್ಲ. ಹಾಗಾಗಿ ಗಿಡ ಒಣಗಿತೇ ಎಂದು ನೋಡುವ ಬದಲು ಎಷ್ಟು ಹೂ ಬಿಟ್ಟಿತು ಎಂದು ನೋಡಬೇಕು. ಹೀಗೆ ಅಳೆದರೆ ಅರ್ಧದಷ್ಟು ದೂರುಗಳು ಬಿದ್ದುಹೋಗುತ್ತವೆ. ಉಳಿದ ಅರ್ಧ ನಿಜವಾದವು, ಅವುಗಳಿಗೂ ಬರೋಣ.

ಮೊದಲು ಗುರುತು. ವಯಸ್ಕ ದುಂಬಿ ಸುಮಾರು 6 ಮಿಲಿಮೀಟರ್ ಉದ್ದ. ಕೆನೆಬಣ್ಣದ ರೆಕ್ಕೆಚಿಪ್ಪಿನ ಮೇಲೆ ಕಡುಕಂದು ಗೆರೆಗಳು ಉದ್ದಕ್ಕೆ, ಸ್ವಲ್ಪ ಡೊಂಕಾಗಿ ಓಡುತ್ತವೆ. ತಲೆ ಮತ್ತು ಕತ್ತಿನ ಭಾಗ ಕಂದು. ಬದನೆ ಎಲೆಯನ್ನು ಜರಡಿ ಮಾಡುವ ಚುಕ್ಕಿ ದುಂಬಿಯನ್ನೇ ಇದು ಎಂದುಕೊಂಡು ಹಿಡಿದು ತಂದವರಿದ್ದಾರೆ. ಅದರ ಮೈಮೇಲೆ ಚುಕ್ಕಿ, ಇದರ ಮೈಮೇಲೆ ಗೆರೆ. ಮರಿಹುಳು ಮೊದಲು ಹಳದಿ, ಬೆಳೆದಂತೆ ಬಿಳಿಚಿಕೊಳ್ಳುತ್ತದೆ. ಮರಿಯನ್ನು ಹುಡುಕಬೇಕಾದರೆ ಎಲೆಯ ಮೇಲೆ ಕಣ್ಣಾಡಿಸಿ ಪ್ರಯೋಜನವಿಲ್ಲ, ಗಿಡದ ತುದಿಯ ಕುಡಿಯನ್ನು ಬಿಡಿಸಿ ನೋಡಬೇಕು. ಚಿಕ್ಕ ಮರಿಗಳು ಅಲ್ಲೇ ಅಡಗಿ ತಿನ್ನುತ್ತವೆ, ದೊಡ್ಡವಾದ ಮೇಲೆ ಎಲೆಗೆ ಇಳಿಯುತ್ತವೆ. ನಮ್ಮ ಲೆಕ್ಕದಲ್ಲಿ ದುಂಬಿಗಿಂತ ಮರಿಯೇ ಒಳ್ಳೆಯ ಕೆಲಸಗಾರ, ಏಕೆಂದರೆ ಗಿಡದ ಬೆಳವಣಿಗೆ ನಿಲ್ಲುವುದು ಕುಡಿ ಹೋದಾಗ.

ಮೊಟ್ಟೆ ಎಲೆಯಡಿ. ನಾಲ್ಕರಿಂದ ಏಳು ದಿನಕ್ಕೆ ಒಡೆಯುತ್ತದೆ. ಮರಿ ಹತ್ತು–ಹದಿನೈದು ದಿನ ತಿಂದು ಮಣ್ಣಿಗಿಳಿದು ಕೋಶವಾಗುತ್ತದೆ, ಮತ್ತೆ ಎಂಟು–ಹನ್ನೆರಡು ದಿನಕ್ಕೆ ದುಂಬಿಯಾಗಿ ಮೇಲೆ ಬರುತ್ತದೆ. ಒಂದು ಸುತ್ತಿಗೆ ಹತ್ತಿರ ಹತ್ತಿರ ಒಂದು ತಿಂಗಳು. ಒಂದು ಹೆಣ್ಣು ತನ್ನ ಆಯುಸ್ಸಿನಲ್ಲಿ ಎರಡು ಸಾವಿರದವರೆಗೂ ಮೊಟ್ಟೆ ಇಡಬಲ್ಲದು. ಜೂನ್‌ನಲ್ಲಿ ಎದ್ದ ದುಂಬಿಗೆ ನವೆಂಬರ್‌ಗೆ ಮುಂಚೆ ನಾಲ್ಕು ತಲೆಮಾರು ಸಿಕ್ಕರೆ ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಅದರ ಸಂಖ್ಯೆ ಏಕೆ ಒಮ್ಮೆಲೇ ಉಕ್ಕುತ್ತದೆ ಎಂಬುದು ಗೊತ್ತಾಗುತ್ತದೆ. ಗಿಡಕ್ಕೊಂದು ದುಂಬಿ ಇದ್ದರೆ ನಾಲ್ಕರಿಂದ ಎಂಟು ವಾರದಲ್ಲಿ ಎಲೆ ಬರೀ ನರಗಳಾಗುತ್ತದೆ. ಕಷ್ಟ ಏನೆಂದರೆ, ಜೂನ್–ಜುಲೈನಲ್ಲಿ ಗಿಡಕ್ಕೊಂದು ದುಂಬಿ ಇರುವುದಿಲ್ಲ. ಮೊದಲ ಮಳೆಗೆ ಎದ್ದ ಪಾರ್ಥೇನಿಯಂ ಒಂದೂವರೆ ತಿಂಗಳಲ್ಲಿ ಹೂ ಬಿಟ್ಟುಬಿಡುತ್ತದೆ, ದುಂಬಿಯ ಎರಡನೇ ತಲೆಮಾರು ಆಗ ತಾನೇ ಕಣ್ಣು ಬಿಡುತ್ತಿರುತ್ತದೆ. ಮೊದಲ ಫಸಲಿನ ಬೀಜ ಈ ಅಂತರದಲ್ಲಿ ತಪ್ಪಿಸಿಕೊಂಡು ನೆಲಕ್ಕೆ ಬೀಳುತ್ತದೆ. ದುಂಬಿಯ ದೊಡ್ಡ ದೋಷ ಇದೇ. ಇದಕ್ಕೆ ಪರಿಹಾರ ಮನುಷ್ಯನ ಕೈಯಲ್ಲಿದೆ, ಮುಂದೆ ಹೇಳುತ್ತೇವೆ.

ತರಿಸುವುದು ಹೇಗೆ

ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇಂಥ ಉಪಯುಕ್ತ ಕೀಟಗಳನ್ನು ಸಾಕುವ ಸಂಸ್ಥೆ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಈ ದುಂಬಿಯನ್ನು ದೇಶದ ಬೇರೆ ಬೇರೆ ರಾಜ್ಯಗಳಿಗೆ ಹಂಚಿದೆ. ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ದುಂಬಿಯ ಸಂಖ್ಯೆ ಏರುಗತಿಯಲ್ಲಿರುವ ಹೊತ್ತೂ ಅದೇ ಆದ್ದರಿಂದ, ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ.

ಆದರೆ ಕರ್ನಾಟಕದವರು ಮೊದಲು ಮಾಡಬೇಕಾದ್ದು ಬೇರೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ನಡುವೆ ನಿಮ್ಮೂರಿನ ರಸ್ತೆ ಬದಿಯಲ್ಲಿ ನಡೆದು ಪಾರ್ಥೇನಿಯಂ ಎಲೆಗಳಲ್ಲಿ ಅಂಚಿನಿಂದ ಒಳಕ್ಕೆ ಕಚ್ಚಿದ ತೂತುಗಳಿವೆಯೇ ನೋಡಿ. ಮೆಕ್ಸಿಕೊದಿಂದ 1983ರಲ್ಲಿ ಬೆಂಗಳೂರಿಗೆ ಬಂದ ಈ ಹುಳುವನ್ನು ಪರೀಕ್ಷೆಗಳಾದ ಮೇಲೆ 1984ರಲ್ಲಿ ಬಯಲಿಗೆ ಬಿಟ್ಟರು. ಮೊದಲ ಕೆಲವು ವರ್ಷ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ, ಆಮೇಲೆ ಒಮ್ಮೆಗೇ ಕಂಡಿತು. ಅಲ್ಲಿಂದ ತಾನಾಗಿಯೇ ಹಬ್ಬಿ ಇವತ್ತು ಪಾಕಿಸ್ತಾನ, ನೇಪಾಳಗಳಲ್ಲೂ ಇದೆ. ಅಲ್ಲಿಗೆ ಯಾರೂ ಕೊಂಡೊಯ್ದು ಬಿಟ್ಟದ್ದಲ್ಲ. ಐದು ಕಿಲೋಮೀಟರ್ ದೂರದಲ್ಲಿ ಪುಕ್ಕಟೆ ಸಿಗುವ ಹುಳುವಿಗೆ ಯಾರಾದರೂ ದುಬಾರಿ ಬೆಲೆ ಹೇಳಿದರೆ ನಮಸ್ಕಾರ ಹೇಳಿ ಬನ್ನಿ.

ಹಿಡಿಯುವುದು ಬೆಳಿಗ್ಗೆ ಬಿಸಿಲೇರುವ ಮುಂಚೆ ಸುಲಭ. ತಣ್ಣಗಿರುವಾಗ ಅವು ಚುರುಕಾಗಿರುವುದಿಲ್ಲ. ಗಿಡದ ಕೆಳಗೆ ಕೊಡೆಯನ್ನು ಮಗುಚಿ ಹಿಡಿದು ಕೊಂಬೆಗೆ ಕೋಲಿನಿಂದ ಎರಡೇಟು ಕೊಟ್ಟರೆ ದುಂಬಿಗಳು ಉದುರುತ್ತವೆ. ತೋಳು ಮುಚ್ಚುವ ಅಂಗಿ, ಕೈಗವಸು, ಮುಖಕ್ಕೆ ಬಟ್ಟೆ ಕಡ್ಡಾಯ. ಪಾರ್ಥೇನಿಯಂ ತಾಕಿ ಚರ್ಮದ ತುರಿಕೆ, ಪರಾಗದಿಂದ ಉಬ್ಬಸ ಬರುವುದು ಹೆದರಿಸಲು ಹೇಳುವ ಮಾತಲ್ಲ, ಒಮ್ಮೆ ಅಂಟಿದರೆ ವರ್ಷಗಟ್ಟಲೆ ಕಾಡುವ ಕಾಯಿಲೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಹಳೆ ಪೇಪರ್ ಹಾಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ, ತಿನ್ನಲು ಒಂದು ಹಿಡಿ ಸೊಪ್ಪು ಹಾಕಿ. ಆ ಸೊಪ್ಪು ಹೂ ಬಿಡದ ಎಳೆ ಗಿಡದ್ದೇ ಆಗಿರಲಿ. ಹೂವಿನ ಸಮೇತ ಕೊಂಬೆ ತುಂಬಿಕೊಂಡು ಬಂದರೆ ದುಂಬಿಯ ಜತೆ ಹೊಸ ಬೀಜವನ್ನೂ ನಿಮ್ಮ ಜಮೀನಿಗೆ ತಂದಂತಾಯಿತು. ಸೊಪ್ಪಿನ ಮೇಲೆ ನೀರು ಇರಬಾರದು. ಸಾಗಣೆಯಲ್ಲಿ ಸಾಯುವ ದುಂಬಿಗಳಲ್ಲಿ ಹೆಚ್ಚಿನವು ಹಸಿವಿನಿಂದ ಸಾಯುವುದಿಲ್ಲ. ಮುಚ್ಚಿದ ಡಬ್ಬಿ, ಒಳಗೆ ಬೆವರಿದ ನೀರು, ಹೊರಗೆ ಕಾರಿನ ಬಿಸಿಲು, ಈ ಮೂರು ಸೇರಿ ಕೊಲ್ಲುತ್ತವೆ.

ಬಿಡುವುದು ಹೇಗೆ

ಸಾಮಾನ್ಯ ಶಿಫಾರಸು ಒಂದು ಜಾಗಕ್ಕೆ 500ರಿಂದ 1,000 ವಯಸ್ಕ ದುಂಬಿ. ಇದರಲ್ಲಿ ಸಂಖ್ಯೆಗಿಂತ ಮುಖ್ಯವಾದ್ದು ‘ಒಂದು ಜಾಗಕ್ಕೆ’ ಎನ್ನುವುದು. ಹತ್ತು ಎಕರೆಗೆ ಹರಡಿ ಐವತ್ತೈವತ್ತು ಬಿಟ್ಟರೆ ಗಂಡು ಹೆಣ್ಣು ಒಂದನ್ನೊಂದು ಹುಡುಕುವುದರಲ್ಲೇ ದಿನ ಕಳೆಯುತ್ತವೆ, ಇರುವೆ ಮತ್ತು ಹಕ್ಕಿಗಳ ಬಾಯಿಗೂ ಬೀಳುತ್ತವೆ. ದಟ್ಟವಾಗಿ ಎಳೆ ಗಿಡಗಳಿರುವ ಒಂದು ಗುಂಪನ್ನು ಆರಿಸಿ, ಸಂಜೆ ಹೊತ್ತಿಗೆ, ಮಳೆ ಸುರಿಯದ ದಿನ, ಎಲ್ಲವನ್ನೂ ಅಲ್ಲೇ ಬಿಡಿ. ಡಬ್ಬಿ ಬೋರಲು ಹಾಕಿ ಕೊಡವುವುದು ಬೇಡ. ಗಿಡಗಳ ನಡುವೆ ಅಡ್ಡ ಮಲಗಿಸಿ, ಬಟ್ಟೆ ಬಿಚ್ಚಿದರೆ ತಾವೇ ಹತ್ತಿಕೊಳ್ಳುತ್ತವೆ.

ಜಾಗದ ಆಯ್ಕೆಯಲ್ಲಿ ಎಲ್ಲರೂ ಗಿಡವನ್ನು ನೋಡುತ್ತಾರೆ, ನೆಲವನ್ನು ನೋಡುವವರು ಕಡಿಮೆ. ಮರಿ ಕೋಶವಾಗುವುದು ಮಣ್ಣಿನೊಳಗೆ, ನವೆಂಬರ್ ಕಳೆದ ಮೇಲೆ ಮುಂದಿನ ಮುಂಗಾರಿನವರೆಗಿನ ನಿದ್ದೆಗೆ ದುಂಬಿ ಇಳಿಯುವುದೂ ಮಣ್ಣಿನೊಳಗೆ, 15 ಸೆಂಟಿಮೀಟರ್‌ವರೆಗೆ. ರೋಲರ್ ಓಡಿಸಿ ಗಟ್ಟಿ ಮಾಡಿದ ಗರಸು, ಕಟ್ಟಡದ ಅವಶೇಷ ಸುರಿದ ಸೈಟು, ಮಳೆಗಾಲದಲ್ಲಿ ವಾರಗಟ್ಟಲೆ ನೀರು ನಿಲ್ಲುವ ತಗ್ಗು, ಇವುಗಳಲ್ಲಿ ಮೊದಲ ತಲೆಮಾರು ಚೆನ್ನಾಗಿ ತಿಂದು ಎರಡನೆಯದು ಹುಟ್ಟುವುದೇ ಇಲ್ಲ. ನಗರದ ಖಾಲಿ ಸೈಟಿಗೆ ನಾವು ಒಂದೇ ಅಂಕ ಕೊಟ್ಟದ್ದಕ್ಕೆ ಇದೂ ಕಾರಣ. ಇನ್ನೊಂದು, ಅಲ್ಲಿ ವರ್ಷಕ್ಕೆ ನಾಲ್ಕು ಸಲ ಜೆಸಿಬಿ ಬರುತ್ತದೆ. ಅಷ್ಟು ಚಿಕ್ಕ ಜಾಗದಲ್ಲಿ ಮಳೆ ಬಿದ್ದ ಮಾರನೇ ದಿನ, ಹೂ ಬರುವ ಮುಂಚೆ, ಬೇರು ಸಮೇತ ಕಿತ್ತು ಹಾಕುವುದೇ ಸರಿ.

ಕಡಿಮೆ ಸಂಖ್ಯೆ ಸಿಕ್ಕಿದ್ದರೆ ಸೊಳ್ಳೆಪರದೆಯೊಳಗೆ ಹೆಚ್ಚಿಸಿಕೊಳ್ಳಬಹುದು. ಪಾರ್ಥೇನಿಯಂ ದಟ್ಟವಾಗಿ ಬೆಳೆದಿರುವ, ಮಣ್ಣು ಸಡಿಲವಾಗಿರುವ ಕಡೆ ನಾಲ್ಕು ಗೂಟ ನೆಟ್ಟು ಪರದೆ ಕಟ್ಟಿ, ಅಂಚನ್ನು ಮಣ್ಣಿನಿಂದ ಮುಚ್ಚಿ. ಒಳಗಿನ ಜೇಡ, ಇರುವೆ ಗೂಡುಗಳನ್ನು ಮೊದಲೇ ತೆಗೆಯಿರಿ. ಒಳಗಿನ ಸೊಪ್ಪು ಖಾಲಿಯಾದ ದಿನವೇ ಹೊಸದು ಹಾಕದಿದ್ದರೆ ದೊಡ್ಡ ಮರಿಗಳು ಮೊಟ್ಟೆಗಳನ್ನೂ ತಿಂದುಬಿಡುತ್ತವೆ. ಒಂದು ತಿಂಗಳಿಗೆ ಪರದೆ ತೆಗೆದರೆ ಸಾಕು, ಬೇರೆ ಕಡೆಗೆ ಸಾಗಿಸಬೇಕೆಂದಿಲ್ಲ.

ಕೆಡುವುದು ಎಲ್ಲಿ

ಅತಿ ಸಾಮಾನ್ಯ ಕಾರಣ, ದುಂಬಿ ಬಿಟ್ಟ ಮೂರನೇ ವಾರಕ್ಕೆ ಸಹನೆ ಕೆಟ್ಟು ಅದೇ ಜಾಗಕ್ಕೆ ಕಳೆನಾಶಕ ಹೊಡೆಯುವುದು. ವಿಷ ದುಂಬಿಗೆ ನೇರವಾಗಿ ತಾಕದಿದ್ದರೂ ಸೊಪ್ಪು ಸತ್ತ ಮೇಲೆ ಕುಡಿಯಲ್ಲಿದ್ದ ಮರಿಗಳು ಎಲ್ಲಿಗೆ ಹೋದಾವು? ಎರಡೂ ಬೇಕೆಂದಾದರೆ ಜಾಗ ಬೇರೆ ಮಾಡಿ: ಬೆಳೆಗೆ ತಾಗಿದ ಪಟ್ಟಿಗೆ ಕೈಕಳೆ ಅಥವಾ ಔಷಧಿ, ಅದರಾಚೆಯ ಬೀಳಿಗೆ ದುಂಬಿ. ಪಕ್ಕದ ಹತ್ತಿ, ಮೆಣಸಿನಕಾಯಿ ಹೊಲದಿಂದ ಗಾಳಿಗೆ ಹಾರಿಬರುವ ಕೀಟನಾಶಕವೂ ಇದನ್ನು ಬಿಡುವುದಿಲ್ಲ. ರೋಡಿನ ಬದಿಗೆ ಶೇ 15–20ರ ಉಪ್ಪಿನ ದ್ರಾವಣ ಹೊಡೆಯುವ ಶಿಫಾರಸೂ ಇದೆ. ಅದನ್ನು ಉಳುವ ಹೊಲಕ್ಕೆ ತರುವುದು ಬೇಡ, ಕಳೆಯ ಜತೆ ಮಣ್ಣೂ ಕೆಡುತ್ತದೆ.

ಎರಡನೆಯದು ಮಳೆ. ದುಂಬಿ ಎದ್ದ ಮೇಲೆ ಮಳೆ ಕೈಕೊಟ್ಟರೆ ಪಾರ್ಥೇನಿಯಂ ನೆಲಕ್ಕೆ ಅಂಟಿಕೊಂಡ ಎಲೆಗುಚ್ಛವಾಗಿ ಕಾಯುತ್ತ ಕೂರುತ್ತದೆ, ದುಂಬಿಗೆ ಕಾಯುವ ಶಕ್ತಿ ಇಲ್ಲ. ಅಂಥ ವರ್ಷ ಸೆಪ್ಟೆಂಬರ್‌ನಲ್ಲೂ ಸಂಖ್ಯೆ ಏರುವುದಿಲ್ಲ. ಡ್ರಿಪ್, ಕಾಲುವೆ ನೀರು ಇರುವ ಕಡೆ ಇದರ ತದ್ವಿರುದ್ಧ. ಅಲ್ಲಿ ಗಿಡ ಜನವರಿಯಲ್ಲೂ ಹಸಿರಾಗಿ ಹೂ ಬಿಡುತ್ತದೆ, ದುಂಬಿ ಮಣ್ಣಿನೊಳಗೆ ಮಲಗಿರುತ್ತದೆ. ನೀರಾವರಿ ಬದುಗಳಿಗೆ ಎರಡೇ ಅಂಕ ಕೊಟ್ಟದ್ದು ಅದಕ್ಕೆ.

ಮೂರನೆಯದು ಶತ್ರುಗಳು. ಆಂಡ್ರಾಲಸ್ ಸ್ಪೈನಿಡೆನ್ಸ್ ಎಂಬ ಬೇಟೆಗಾರ ತಿಗಣೆ ಮರಿಗಳಿಗೆ ಚುಚ್ಚಿ ರಸ ಹೀರುತ್ತದೆ. ಇದಕ್ಕೆ ಮಾಡುವಂಥದ್ದೇನೂ ಇಲ್ಲ, ಮಾಡಲೂ ಬೇಡಿ. ಅದೇ ತಿಗಣೆ ನಿಮ್ಮ ಬೆಳೆಯ ಕಂಬಳಿಹುಳುವನ್ನೂ ತಿನ್ನುತ್ತದೆ.

ಸೂರ್ಯಕಾಂತಿಯ ಗಲಾಟೆ

ಬಯಲುಸೀಮೆಯಲ್ಲಿ ಇವತ್ತಿಗೂ ಕೇಳುವ ಪ್ರಶ್ನೆ: ಇದು ಸೂರ್ಯಕಾಂತಿ ತಿನ್ನುತ್ತದಂತಲ್ಲ? 1990ರ ದಶಕದ ಆರಂಭದಲ್ಲಿ ಕರ್ನಾಟಕದ ಸೂರ್ಯಕಾಂತಿ ಎಲೆಗಳ ಮೇಲೆ ಈ ದುಂಬಿ ಕಚ್ಚಿದ ಗುರುತು ಸಿಕ್ಕಿದ್ದು ನಿಜ. ಸರ್ಕಾರ ಸತ್ಯಶೋಧನಾ ಸಮಿತಿ ನೇಮಿಸಿತು, ಹೊಸದಾಗಿ ಬಿಡುವುದನ್ನು ನಿಲ್ಲಿಸಿತು, ದಶಕದ ಕೊನೆಗೆ ತಡೆ ತೆರವಾಯಿತು. ಪಾರ್ಥೇನಿಯಂ ಮತ್ತು ಸೂರ್ಯಕಾಂತಿ ಒಂದೇ ಕುಟುಂಬದವು. ಹೊಲದ ಸುತ್ತ ಪಾರ್ಥೇನಿಯಂ ಹೂ ತುಂಬಿದ್ದಾಗ ಅದರ ಪರಾಗ ಸೂರ್ಯಕಾಂತಿ ಎಲೆಯ ಮೇಲೆ ಬೀಳುತ್ತದೆ. ಪರಾಗದ ವಾಸನೆ–ರುಚಿಗೆ ಮೋಸಹೋದ ದುಂಬಿ ಕೆಳಗಿನ ಎಲೆಯನ್ನೂ ಕಚ್ಚುತ್ತದೆ. ಪಾರ್ಥೇನಿಯಂ ಪೂರ್ತಿ ತಿಂದು ಮುಗಿಸಿ ಹಸಿದಾಗಲೂ ಅಕ್ಕಪಕ್ಕದಲ್ಲಿ ಬಾಯಿ ಹಾಕುವುದುಂಟು. ಆದರೆ ಸೂರ್ಯಕಾಂತಿಯನ್ನೇ ನಂಬಿ ಸಂಸಾರ ಮಾಡಲು ಅದಕ್ಕೆ ಆಗುವುದಿಲ್ಲ, ತಲೆಮಾರು ಮುಂದುವರಿಯುವುದಿಲ್ಲ. ನಮ್ಮ ಸಲಹೆ: ಸೂರ್ಯಕಾಂತಿ ಹೊಲಕ್ಕೆ ತಾಗಿದ ಬದುವಿನಲ್ಲಿ ಬೇಕೆಂದೇ ಬಿಡಬೇಡಿ, ಬದುವಿನ ಪಾರ್ಥೇನಿಯಂ ಹೂ ಬಿಡುವ ಮುಂಚೆ ಕೀಳಿ. ಪರಾಗವಿಲ್ಲದಿದ್ದರೆ ಗಲಾಟೆಗೆ ಮೂಲವೇ ಇಲ್ಲ.

ಆಯ್ಕೆಯಲ್ಲಿ ಎಚ್ಚರ ತಪ್ಪಿಲ್ಲ ಎನ್ನುವುದಕ್ಕೆ ತಿರಸ್ಕೃತವಾದ ಇನ್ನೊಂದು ಹುಳುವನ್ನೂ ನೋಡಬೇಕು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪಾರ್ಥೇನಿಯಂ ಕಾಂಡಕ್ಕೆ ಗಂಟು ಕಟ್ಟಿಸುವ ಎಪಿಬ್ಲೆಮಾ ಎಂಬ ಪತಂಗ ದುಂಬಿಯಷ್ಟೇ ಉಪಯೋಗಕ್ಕೆ ಬಂದಿದೆ. ಅದನ್ನು ಬೆಂಗಳೂರಿಗೂ ತರಿಸಿ ಪರೀಕ್ಷಿಸಿದರು. ಹುಚ್ಚೆಳ್ಳಿನ ಮೇಲೆ ಮರಿ ಬೆಳೆದು ಪತಂಗವಾಗಿ ಹೊರಬಂತು. ಅಲ್ಲಿಗೆ ಆ ಸಂತತಿಯನ್ನು ನಾಶ ಮಾಡಿದರು. ಹುಚ್ಚೆಳ್ಳು ಬೆಳೆಯುವ ನಾಡಿಗೆ ಅದು ಸರಿಯಾದ ತೀರ್ಮಾನ. ಹೊರದೇಶದ ಹುಳುವನ್ನು ಯಾರೋ ಸೂಟ್‌ಕೇಸಿನಲ್ಲಿ ತಂದುಕೊಡುತ್ತೇನೆಂದರೆ ಬೇಡ ಎನ್ನುವುದು ಬರೀ ಕಾನೂನಿನ ಮಾತಲ್ಲ.

ಇದೇ ಸಾಲಿನ ಬೇರೆ ಹುಳುಗಳ ಎದುರಿಗೆ

ಕಳೆ ತಿನ್ನಲೆಂದು ಬಿಟ್ಟ ಹುಳುಗಳಲ್ಲಿ ಐದಕ್ಕೆ ಐದು ತೆಗೆದುಕೊಳ್ಳುವುದು ಒಂದೇ: ನೀರಿನ ಮೇಲೆ ಚಾಪೆಯಂತೆ ಹರಡುವ ಸಾಲ್ವೀನಿಯಾ ಜರೀಗಿಡವನ್ನು ತಿನ್ನುವ ಸಿರ್ಟೊಬೇಗಸ್ ಸಾಲ್ವೀನಿಯೇ, 2 ಮಿಲಿಮೀಟರ್‌ನ ಮೂತಿಹುಳು. ಕ್ವೀನ್ಸ್‌ಲ್ಯಾಂಡಿನ ಮೂಂಡಾರಾ ಸರೋವರಕ್ಕೆ 1980ರಲ್ಲಿ ಬಿಟ್ಟರು, ಮಾರನೇ ವರ್ಷ ನೀರು ಕಂಡಿತು. ಬೆಂಗಳೂರಿನ ಒಂದು ತಾವರೆಕೊಳವನ್ನು 11 ತಿಂಗಳಲ್ಲಿ ತೆರವು ಮಾಡಿತು. ಅದಕ್ಕೆ ಸಿಕ್ಕ ಅನುಕೂಲ ಪಾರ್ಥೇನಿಯಂ ದುಂಬಿಗೆ ಸಿಕ್ಕಿಲ್ಲ. ಆ ಸಾಲ್ವೀನಿಯಾ ಬೀಜವಾಗಲಿ ಫಲ ಕೊಡುವ ಬೀಜಕಣವಾಗಲಿ ಇಲ್ಲದ ಬಂಜೆ ಗಿಡ, ತುಂಡಾಗಿ ತುಂಡಾಗಿಯೇ ಹೆಚ್ಚುವಂಥದ್ದು. ಒಮ್ಮೆ ಮುಳುಗಿದರೆ ನೆಲದಲ್ಲಿ ಉಳಿತಾಯ ಏನೂ ಇರುವುದಿಲ್ಲ. ಪಾರ್ಥೇನಿಯಂ ಹಾಗಲ್ಲ, ಅದರ ಬೀಜ ಮಣ್ಣಿನೊಳಗೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಒಂದೇ ಮಳೆಗಾಲದ ಫಲಿತಾಂಶ ನೋಡಿ ದುಂಬಿಗೆ ತೀರ್ಪು ಕೊಡುವುದು ಅನ್ಯಾಯ ಎನ್ನುವುದು ಇದಕ್ಕೇ. ಕಡಿಮೆಯೆಂದರೆ ನಾಲ್ಕೈದು ಮುಂಗಾರು ಕೊಡಬೇಕು.

ಅಂತರಗಂಗೆ (ವಾಟರ್ ಹಯಸಿಂತ್) ತಿನ್ನುವ ನಿಯೋಕೆಟಿನಾ ಮೂತಿಹುಳುಗಳೂ 1980ರ ದಶಕದಿಂದ ಬೆಂಗಳೂರಿನ ಕೆರೆಗಳಲ್ಲಿವೆ. ಎಲೆಯ ಮೇಲೆ ಚೌಕಚೌಕ ಕೆರೆದ ಗುರುತು ಕಂಡರೆ ಅವೇ. ಒಳ್ಳೆಯ ಹುಳು, ಕೆಟ್ಟ ನೀರು. ಕೊಳಚೆಯ ಸಾರಜನಕ ಕುಡಿದು ಗಿಡ ಬೆಳೆಯುವ ವೇಗಕ್ಕೆ, ಮೂರು ತಿಂಗಳಿಗೊಂದು ತಲೆಮಾರು ಹಡೆಯುವ ಹುಳು ಸಾಟಿಯಾಗುವುದಿಲ್ಲ. ಮೇಲಿಂದ ಯಂತ್ರ ಇಳಿಸಿ ಗಿಡ ಎತ್ತಿದರೆ ಹುಳುವೂ ಲಾರಿ ಹತ್ತುತ್ತದೆ.

ಲಂಟಾನಕ್ಕೆ ಮಾತ್ರ ಯಾವ ಹುಳುವಿನ ಹೆಸರೂ ಹೇಳಲಾರೆವು. ಅದರ ಬೀಜನೊಣ 1921ರಲ್ಲೇ ಹವಾಯಿಯಿಂದ ಬಂತು, ಎಲೆ ತಿಗಣೆ 1941ರಲ್ಲಿ ಡೆಹ್ರಾಡೂನಿಗೆ ಬಂತು, ಇನ್ನೂ ಹಲವು ಬಂದವು. ಬಂಡೀಪುರದ ದಾರಿಯಲ್ಲಿ ಹೋದವರಿಗೆ ಫಲಿತಾಂಶ ಗೊತ್ತು. ಹತ್ತಾರು ಬಗೆಯ ಮಿಶ್ರತಳಿಗಳಾಗಿ ಹಬ್ಬಿರುವ ಗಿಡ ಅದು. ಒಂದು ತಳಿಗೆ ಒಗ್ಗಿದ ಹುಳು ಇನ್ನೊಂದನ್ನು ಮುಟ್ಟುವುದಿಲ್ಲ. ಎಲೆ ಪೂರ್ತಿ ಹೋದರೂ ಬುಡದಿಂದ ಮತ್ತೆ ಚಿಗುರುತ್ತದೆ.

ದುಂಬಿಯ ಜತೆಗೆ ಏನು ಮಾಡಬೇಕು

ಮೊದಲು, ಜೂನ್‌ನ ಅಂತರ ಮುಚ್ಚುವುದು. ಮೊದಲ ಮಳೆಯ ಮೂರು–ನಾಲ್ಕು ವಾರಕ್ಕೆ ಒಮ್ಮೆ ಕಿತ್ತು ಅಥವಾ ಕುಂಟೆ ಹೊಡೆದು ಮೊದಲ ಫಸಲನ್ನು ತೆಗೆಯಿರಿ, ಆದರೆ ಅಲ್ಲಲ್ಲಿ ಹತ್ತು–ಹದಿನೈದು ಅಡಿಯ ತುಂಡುಗಳನ್ನು ದುಂಬಿಗೆ ಮೇವಾಗಿ ಬಿಡಿ. ಎರಡನೇ ಫಸಲು ಏಳುವ ಹೊತ್ತಿಗೆ ಆ ತುಂಡುಗಳಲ್ಲಿ ಹೆಚ್ಚಿದ ದುಂಬಿಗಳು ಎಳೆ ಸಸಿಗಳ ಮೇಲೆ ಬೀಳುತ್ತವೆ, ಅವಕ್ಕೆ ಅತಿ ಸುಲಭದ ಊಟ ಅದು.

ಆಮೇಲೆ, ತೆರವಾದ ನೆಲವನ್ನು ಬರಿದಾಗಿ ಬಿಡಬಾರದು. ಸೊಪ್ಪು ಕಳೆದುಕೊಂಡ ಪಾರ್ಥೇನಿಯಂ ಎತ್ತರಕ್ಕೆ ಬೆಳೆದು ನೆರಳು ಕೊಡಲಾರದು. ಆಗ ಪಕ್ಕದ ಹುಲ್ಲು, ತಗಚೆ ಮೇಲೆದ್ದರೆ ಮುಂದಿನ ವರ್ಷದ ಬೀಜಕ್ಕೆ ಬೆಳಕೇ ಸಿಗುವುದಿಲ್ಲ. ಧಾರವಾಡ ಭಾಗದಲ್ಲಿ ಕ್ಯಾಸಿಯಾ ಜಾತಿಯ ಗಿಡವೊಂದು ಪಾರ್ಥೇನಿಯಂ ಅನ್ನು ರಸ್ತೆ ಬದಿಯಿಂದ ಒತ್ತಿಹಾಕಿದ್ದನ್ನು 1980ರ ದಶಕದಲ್ಲೇ ಗಮನಿಸಿದ್ದರು. ಆದರೆ ಅದೂ ಹೊರಗಿನ ಗಿಡವೇ ಆದ್ದರಿಂದ ನಾವು ನಮ್ಮ ತಗಚೆಯ ಪರ. ಏಪ್ರಿಲ್–ಮೇನಲ್ಲಿ ಬೀಜ ಎರಚಿದರೆ ಮೊದಲ ಮಳೆಗೆ ಹುಟ್ಟುತ್ತದೆ.

ಕೊನೆಯದಾಗಿ ಮಾಗಿ ಉಳುಮೆ. ದುಂಬಿ ಮಲಗಿರುವ ತುಂಡುಗಳನ್ನು ಡಿಸೆಂಬರ್‌ನಿಂದ ಮೇವರೆಗೆ ಉಳಬೇಡಿ, ಬೆಂಕಿಯನ್ನೂ ಹಾಕಬೇಡಿ. ನೇಗಿಲು ಮಗುಚಿದ ಹೆಂಟೆಯ ಜತೆ ಮೇಲೆ ಬಂದ ದುಂಬಿ ಬಿಸಿಲಿಗೆ, ಬೆಳ್ಳಕ್ಕಿಗೆ ಸಿಕ್ಕಿಹೋಗುತ್ತದೆ, ಮುಂದಿನ ಜೂನ್‌ಗೆ ಮತ್ತೆ ಕೊಡೆ ಹಿಡಿದು ರಸ್ತೆ ಬದಿಗೆ ಹೋಗಬೇಕಾಗುತ್ತದೆ. ನಾಲ್ಕು ಮೂಲೆಗೆ ಸುಣ್ಣ ಬಳಿದ ಕಲ್ಲು ನೆಟ್ಟು, ಟ್ರ್ಯಾಕ್ಟರ್ ಓಡಿಸುವವರಿಗೆ ಮೊದಲೇ ತೋರಿಸಿಡಿ.